ಗಣಕಯಂತ್ರದ ಪರವಾನಗಿ ಕೀಲಿ ಎಲ್ಲಿರುತ್ತದೆ?

ಪರೀಕ್ಷೆಗೆ ಹತ್ತು ದಿನಗಳಿರುವಾಗ, ಕೃಷ್ಣರಾಜಪುರದಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ತನ್ನ ಲ್ಯಾಪ್‌ಟಾಪನ್ನು ಹಿಡಿದು ನನ್ನ ಬಳಿಗೆ ಬಂದನು. ಶಿವಾಜಿನಗರದಲ್ಲಿ ಕೊಂಡ ಹಳೆಯ ಯಂತ್ರ ಅದು. ಅದರಲ್ಲಿದ್ದ ವಿಂಡೋಸ್ 11 ಕೆಟ್ಟು, ಯಂತ್ರವು ಪ್ರಾರಂಭವಾಗದೆ ನಿಂತಿತ್ತು. ಮೂರು ತಿಂಗಳು ದುಡಿದು ಬರೆದ ಪ್ರಾಜೆಕ್ಟ್ ವರದಿ ಅದರೊಳಗೇ ಇತ್ತು.

"ಸಾರ್, ಮತ್ತೆ ವಿಂಡೋಸ್ ಹಾಕಲು ಕೀ ಬೇಕಂತೆ. ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ನಂಬರೇ ಇಲ್ಲ. ಯಾರೋ ಕಳ್ಳ ಕೀ ಹಾಕಿಕೊಡುತ್ತೇನೆ ಅನ್ನುತ್ತಾರೆ" ಎಂದನು.

ಈ ಸಂಕಟ ಅವನೊಬ್ಬನದಲ್ಲ. ಆದುದರಿಂದ ವಿಷಯವನ್ನು ಬುಡದಿಂದ ವಿಚಾರ ಮಾಡೋಣ.

ಕೀಲಿಯೆಂದರೇನು?

ಗಣಕದ ಯಂತ್ರಭಾಗಗಳನ್ನೂ ನಮ್ಮ ಕೆಲಸದ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್ ಅಂಥದೊಂದು. ಅದನ್ನು ಬಳಸಲು ಹಣ ಕೊಟ್ಟು ಪಡೆದ ಅನುಮತಿಯ ಗುರುತೇ ಪರವಾನಗಿ ಕೀಲಿ. ಐದೈದರ ಐದು ಗುಂಪುಗಳಾಗಿ ಅದರಲ್ಲಿ 25 ಚಿಹ್ನೆಗಳಿರುತ್ತವೆ. ವಿಂಡೋಸ್ 7ರ ವರೆಗಿನ ಕೀಲಿಗಳಲ್ಲಿ ಪ್ರತಿಯೊಂದು ಸ್ಥಾನಕ್ಕೂ 24 ಚಿಹ್ನೆಗಳಲ್ಲಿ ಒಂದು ಬರುತ್ತಿತ್ತು. ಹಾಗಾದರೆ ಒಟ್ಟು ಜೋಡಣೆಗಳೆಷ್ಟು? 24ನ್ನು 25 ಸಲ ಗುಣಿಸಬೇಕು. ಬರುವುದು 35 ಅಂಕಿಗಳ ಸಂಖ್ಯೆ. ಸೆಕೆಂಡಿಗೆ ಒಂದು ಕೋಟಿಯಂತೆ ಪರೀಕ್ಷಿಸಿದರೂ ಎಲ್ಲವನ್ನೂ ಮುಗಿಸಲು, 1ರ ಮುಂದೆ 20 ಸೊನ್ನೆಗಳನ್ನಿಟ್ಟಷ್ಟು ವರ್ಷಗಳು ಬೇಕು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಮಾತ್ರ! ಊಹೆಯಿಂದ ಕೀಲಿಯನ್ನು ಕಂಡುಹಿಡಿಯುವ ಆಸೆ ವ್ಯರ್ಥ.

ಕೀಲಿ ಅಡಗಿರುವ ಸ್ಥಳ

ಹಿಂದೆ ಈ ಕೀಲಿಯನ್ನು ಯಂತ್ರದ ಮೇಲಿನ ಚೀಟಿಯಲ್ಲಿ ಅಚ್ಚು ಮಾಡುತ್ತಿದ್ದರು. ಚೀಟಿ ಸವೆದರೆ ಕೀಲಿಯೂ ಹೋಯಿತು. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಕ್ರಮ ಬದಲಾಯಿತು. ಕಾರ್ಖಾನೆಯಲ್ಲಿಯೇ ವಿಂಡೋಸ್ ತುಂಬಿಸಿದ ಯಂತ್ರಗಳಲ್ಲಿ, ಮದರ್‌ಬೋರ್ಡಿನ ಫರ್ಮ್‌ವೇರ್ ಎಂಬ ಶಾಶ್ವತ ಸ್ಮೃತಿಯೊಳಗೆ ಕೀಲಿಯನ್ನು ಬರೆದಿಡುತ್ತಾರೆ. ಡಿಸ್ಕನ್ನು ಪೂರ್ತಿ ಅಳಿಸಿದರೂ ಅದು ಅಳಿಯದು. ಮರುಸ್ಥಾಪನೆಯ ವೇಳೆ ವಿಂಡೋಸ್ ತಾನೇ ಅದನ್ನು ಓದಿಕೊಳ್ಳುತ್ತದೆ. ಚೀಟಿಯಲ್ಲಿ ನಂಬರು ಏಕಿರಲಿಲ್ಲವೆಂಬುದು ಈಗ ತಿಳಿಯಿತಷ್ಟೆ!

2015ರಲ್ಲಿ ಬಂದ ವಿಂಡೋಸ್ 10 ಇನ್ನೊಂದು ಉಪಾಯವನ್ನು ತಂದಿತು. ಯಂತ್ರದ ಬಿಡಿಭಾಗಗಳ ಗುರುತುಗಳಿಂದ ಬೆರಳಚ್ಚಿನಂಥ ಒಂದು ಸಂಕೇತವನ್ನು ಲೆಕ್ಕಮಾಡಿ, ಅದನ್ನು ತಯಾರಕರ ಸರ್ವರ್‌ನಲ್ಲಿ ದಾಖಲಿಸುತ್ತದೆ. ಇದೇ ಡಿಜಿಟಲ್ ಪರವಾನಗಿ. ಅದೇ ಯಂತ್ರದಲ್ಲಿ ಮರುಸ್ಥಾಪಿಸಿ ಇಂಟರ್ನೆಟ್ಟಿಗೆ ಜೋಡಿಸಿದರೆ ಗುರುತು ಹೊಂದಿ, ಪರವಾನಗಿ ಮರಳುತ್ತದೆ. ಮದರ್‌ಬೋರ್ಡನ್ನೇ ಬದಲಿಸಿದರೆ ಮಾತ್ರ ಅದು ಬೇರೆ ಯಂತ್ರವೆಂದು ಕಾಣಬಹುದು.

ಮಾಡಬೇಕಾದ ಕ್ರಮ

ಮೊದಲು ಕಡತಗಳ ರಕ್ಷಣೆ. ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್‌ನಿಂದ ಯಂತ್ರವನ್ನು ಪ್ರಾರಂಭಿಸಿ, ಬೇಕಾದುದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಬೇಕು. ಡಿಸ್ಕು ಗೂಢಲಿಪೀಕರಣಗೊಂಡಿದ್ದರೆ 48 ಅಂಕಿಗಳ ರಿಕವರಿ ಕೀಲಿ ಬೇಕಾಗುತ್ತದೆ. ಇದು ಪರವಾನಗಿ ಕೀಲಿಯಲ್ಲ. ಎರಡನ್ನೂ ಒಂದೆಂದು ಭ್ರಮಿಸಕೂಡದು. ಅನಂತರ ತಯಾರಕರ ಸ್ವಂತ ತಾಣದಿಂದಲೇ, ಕನಿಷ್ಠ 8 ಗಿಗಾಬೈಟಿನ ಪೆನ್‌ಡ್ರೈವಿಗೆ ಸ್ಥಾಪನಾ ತಂತ್ರಾಂಶವನ್ನು ಇಳಿಸಿಕೊಳ್ಳಬೇಕು. ಕೀಲಿ ಕೇಳಿದರೆ, ತನ್ನಲ್ಲಿ ಕೀಲಿಯಿಲ್ಲವೆಂಬ ಆಯ್ಕೆಯನ್ನು ಒತ್ತಿ ಮುಂದುವರಿಯಬಹುದು. ಆದರೆ ಹೋಮ್ ಇದ್ದಲ್ಲಿ ಹೋಮನ್ನೇ, ಪ್ರೋ ಇದ್ದಲ್ಲಿ ಪ್ರೋವನ್ನೇ ಆರಿಸಬೇಕು. ಆವೃತ್ತಿ ತಪ್ಪಿದರೆ ಪರವಾನಗಿ ಹೊಂದದು.

ಕಳ್ಳಕೀಲಿಯ ಗತಿಯೇನು? ಅದನ್ನು ಹಾಕುವ ತಂತ್ರಾಂಶಗಳು ಸಾಮಾನ್ಯವಾಗಿ ವೈರಸ್ ತಡೆಯನ್ನು ಮೊದಲು ನಿಲ್ಲಿಸೆನ್ನುತ್ತವೆ. ಕಾವಲುಗಾರನನ್ನು ಕಳುಹಿಸಿ ಅಪರಿಚಿತನಿಗೆ ಬಾಗಿಲು ತೆರೆದಂತೆ! ಗುಪ್ತಪದಗಳೂ ಬ್ಯಾಂಕಿನ ವಿವರಗಳೂ ಆ ದಾರಿಯಲ್ಲಿ ಕಳುವಾಗಬಲ್ಲವು. ಮೇಲಾಗಿ, ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ತಂತ್ರಾಂಶಗಳಿಗೂ ಅನ್ವಯಿಸುತ್ತದೆ.

ಯಂತ್ರಕ್ಕೆ ಪರವಾನಗಿಯೇ ಇರದಿದ್ದರೆ, ಕೀಲಿಯನ್ನೇ ಕೇಳದ ಮಾರ್ಗವೊಂದುಂಟು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಪ್ರಾರಂಭಿಸಿದ ಲಿನಕ್ಸನ್ನು ಯಾರು ಬೇಕಾದರೂ ಸ್ಥಾಪಿಸಬಹುದು, ನಕಲು ಮಾಡಿ ಹಂಚಬಹುದು. ಅದರ ಆಧಾರದ ಮೇಲೆ ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಕನ್ನಡಕ್ಕೂ ಅವಕಾಶವಿರುವ 'ಬಾಸ್' ಎಂಬ ವ್ಯವಸ್ಥೆಯನ್ನು ರೂಪಿಸಿದೆ. ಹಲಸೂರಿನಿಂದ ಕೃಷ್ಣರಾಜಪುರಕ್ಕೆ ಹೋಗುವ ಹಳೆ ಮದರಾಸು ರಸ್ತೆಯಲ್ಲಿ, ಬೈಯಪ್ಪನಹಳ್ಳಿಯ ಬಳಿ, ಆ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ.

ನಮ್ಮ ವಿದ್ಯಾರ್ಥಿಯ ಡಿಸ್ಕು ಗೂಢಲಿಪಿಯಲ್ಲಿರಲಿಲ್ಲ. ವರದಿಯನ್ನು ಮೊದಲು ಹೊರತೆಗೆದೆವು. ಮರುಸ್ಥಾಪನೆಯ ವೇಳೆ ಯಂತ್ರವು ಕೀಲಿಯನ್ನು ಕೇಳಲೇ ಇಲ್ಲ. "ಇಷ್ಟು ದಿನ ಕೀ ಇದರ ಹೊಟ್ಟೆಯಲ್ಲೇ ಇತ್ತೇ, ಸಾರ್?" ಎಂದು ಅವನು ನಕ್ಕನು. ವರದಿಯ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವ ಪಾಠವನ್ನು ಮಾತ್ರ ಅವನು ಮರೆಯಲಾರನು. ನೀವೂ ಇಂದೇ ಒಂದು ಪ್ರತಿಯನ್ನು ತೆಗೆದಿಡಿ.