ಹಳೆಯ ಕಾರಿನ ಎದೆಬಡಿತ

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಳೆಯ ಪೆಟ್ರೋಲ್ ಕಾರೊಂದನ್ನು ಕೊಳ್ಳಲು ಹೊರಟನು. ಅವನ ತಂದೆಯವರು ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ವ್ಯಾಪಾರ ಮಾಡುವವರು. ಮೂರು ವರ್ಷಗಳಿಂದ ಕೂಡಿಟ್ಟ ಹಣ ಅವನ ಕೈಯಲ್ಲಿತ್ತು. ಎಂಜಿನ್ನನ್ನು ಚಾಲೂ ಮಾಡಿ ಎರಡು ನಿಮಿಷ ಕೇಳಿದ ಅವನು, “ಸಾರ್, ಸದ್ದೇ ಇಲ್ಲ. ಮುಂಗಡ ಕೊಟ್ಟುಬಿಡಲೇ?” ಎಂದನು. “ಇನ್ನು ಇಪ್ಪತ್ತು ನಿಮಿಷ ತಾಳಪ್ಪ” ಎಂದೆನು. ಹಾಗೆ ಹೇಳಿದುದಕ್ಕೆ ಕಾರಣವೇನೆಂಬುದೇ ಈ ಲೇಖನದ ವಿಷಯ.

ಎಂಜಿನ್ನಿನ ಒಳಗೆ ಚಲಿಸುವ ಭಾಗಗಳ ನಡುವೆ ಕೂದಲೆಳೆಯಷ್ಟು ಅಂತರವಿರಲೇಬೇಕು. ಸವೆತದಿಂದ ಈ ಅಂತರ ಹೆಚ್ಚಿದಾಗ ಒಂದು ಭಾಗವು ಮತ್ತೊಂದಕ್ಕೆ ಬಡಿಯುತ್ತದೆ. ಆ ಬಡಿತವೇ ನಮಗೆ ಕೇಳುವ ಸದ್ದು. ಅದು ಯಾವ ಭಾಗದ್ದೆಂದು ತಿಳಿಯಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಅದರ ತಾಳವೇನು? ಎಂಜಿನ್ನು ಕಾದಂತೆ ಅದು ಏನಾಗುತ್ತದೆ? ಭಾರ ಬಿದ್ದಾಗ ಏನಾಗುತ್ತದೆ?

ಮೊದಲು ತಾಳ. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಕ್ರ್ಯಾಂಕು ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಕವಾಟವೂ ಒಂದೇ ಸಲ ತೆರೆದು ಮುಚ್ಚುತ್ತದೆ. ದಂಡವು ನಿಮಿಷಕ್ಕೆ 720 ಸುತ್ತು ತಿರುಗುತ್ತಿದೆ ಎನ್ನೋಣ. ಆಗ ಸೆಕೆಂಡಿಗೆ 12 ಸುತ್ತುಗಳಾದವು. ಸಡಿಲವಾದ ಒಂದು ಕವಾಟವು ಸೆಕೆಂಡಿಗೆ 6 ಸಲ ‘ಟಿಕ್’ ಎನ್ನುವುದು. ಈ ಸದ್ದು ಹಗುರವಾದುದು, ಎಂಜಿನ್ನಿನ ಮೇಲ್ಭಾಗದಿಂದ ಬರುವಂಥದು. ಅನೇಕ ವೇಳೆ ಅಂತರವನ್ನು ಸರಿಹೊಂದಿಸಿದರೆ ನಿಂತುಹೋಗುತ್ತದೆ. ಇದಕ್ಕೆ ಹೆದರಬೇಕಾದುದಿಲ್ಲ.

ಎರಡನೆಯದು ಉಷ್ಣದ ಪರೀಕ್ಷೆ. ಎರಕದ ಕಬ್ಬಿಣದ ಸಿಲಿಂಡರಿನಲ್ಲಿ 75 ಮಿಲಿಮೀಟರ್ ವ್ಯಾಸದ ಅಲ್ಯೂಮಿನಿಯಂ ಪಿಸ್ಟನ್ ಇದೆಯೆಂದು ಭಾವಿಸಿರಿ. ಎರಡರ ಉಷ್ಣತೆಯೂ 100 ಡಿಗ್ರಿ ಸೆಲ್ಸಿಯಸ್ ಏರಿದರೆ ಪಿಸ್ಟನ್ನಿನ ವ್ಯಾಸ ಸುಮಾರು 0.17 ಮಿಲಿಮೀಟರಿನಷ್ಟೂ, ಸಿಲಿಂಡರಿನ ವ್ಯಾಸ ಸುಮಾರು 0.08 ಮಿಲಿಮೀಟರಿನಷ್ಟೂ ಹಿಗ್ಗುತ್ತದೆ. ಎಂದರೆ ನಡುವಣ ಅಂತರ ಸುಮಾರು 0.09 ಮಿಲಿಮೀಟರಿನಷ್ಟು ಕಡಿಮೆಯಾಯಿತು. ಆದುದರಿಂದ ಸವೆದ ಪಿಸ್ಟನ್ನಿನ ಬಡಿತವು ತಣ್ಣಗಿರುವಾಗ ಜೋರಾಗಿದ್ದು, ಕಾದಂತೆ ತಗ್ಗುತ್ತದೆ. ಮಾರುವವನು ನೀವು ಬರುವ ಮೊದಲೇ ಎಂಜಿನ್ನನ್ನು ಓಡಿಸಿ ಬಿಸಿಮಾಡಿಟ್ಟಿದ್ದರೆ ಈ ಸದ್ದು ನಿಮಗೆ ಕೇಳಿಸದೆ ಹೋಗಬಹುದು. ಚಾಲೂ ಮಾಡುವ ಮೊದಲು ಎಂಜಿನ್ನಿನ ಬಳಿ ಕೈಯೊಡ್ಡಿ ನೋಡಿರಿ; ಬಿಸಿಯಿದ್ದರೆ ಮರುದಿನ ಬೆಳಗ್ಗೆ ಬನ್ನಿರಿ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ದಂಡದ ಬೇರಿಂಗಿನ ಕಥೆ ಇದಕ್ಕೆ ವಿರುದ್ಧವಾದುದು. ಅಲ್ಲಿ ಲೋಹವು ಲೋಹಕ್ಕೆ ತಾಗದಂತೆ ಕಾಯುವುದು ಎಣ್ಣೆಯ ತೆಳು ಪದರ. ತಣ್ಣಗಿನ ಎಣ್ಣೆ ಮಂದವಾಗಿದ್ದು ಬಡಿತವನ್ನು ಅಡಗಿಸುತ್ತದೆ. ಕಾದಂತೆ ಅದರ ಸ್ನಿಗ್ಧತೆ ಕುಗ್ಗಿ ಪದರ ತೆಳುವಾಗುತ್ತದೆ. ಆಳವಾದ ‘ದಬ್ ದಬ್’ ಸದ್ದು ಹೊರಬೀಳುತ್ತದೆ. ಮಂದವಾದ ಎಣ್ಣೆಯನ್ನು ಸುರಿದು ಈ ಸದ್ದನ್ನು ಕೆಲಕಾಲ ಮರೆಮಾಡುವವರೂ ಉಂಟು. ನಾನು ಇಪ್ಪತ್ತು ನಿಮಿಷ ಕಾಯಲು ಹೇಳಿದುದು ಇದಕ್ಕಾಗಿಯೇ.

ಮೂರನೆಯದು ಭಾರದ ಪರೀಕ್ಷೆ. ಕಾರನ್ನು ಏರಿನಲ್ಲಿ ಓಡಿಸಿದೆವು. ಸ್ಫೋಟದ ಒತ್ತಡ ಹೆಚ್ಚಿದಂತೆ ಕೆಳಗಿನಿಂದ ಮಂದವಾದ ಬಡಿತ ಕೇಳತೊಡಗಿತು. ಜೊತೆಗಿದ್ದ ಮೆಕ್ಯಾನಿಕ್ಕು ಕಾರನ್ನು ನಿಲ್ಲಿಸಿ ಒಂದೊಂದಾಗಿ ಸ್ಪಾರ್ಕ್ ಪ್ಲಗ್ಗುಗಳ ತಂತಿಯನ್ನು ಬಿಡಿಸಿದನು. ಮೂರನೆಯದನ್ನು ಬಿಡಿಸಿದಾಗ ಸದ್ದು ತಗ್ಗಿತು. ಆ ಸಿಲಿಂಡರಿನಲ್ಲಿ ಸ್ಫೋಟವಿಲ್ಲದಿದ್ದರೆ ದಂಡದ ಮೇಲೆ ಹೊಡೆತವೂ ಇಲ್ಲ. ರೋಗದ ನೆಲೆ ಸಿಕ್ಕಿತು. ಪ್ಲಗ್ಗಿನ ತಂತಿಯಲ್ಲಿ ಸಹಸ್ರಾರು ವೋಲ್ಟುಗಳ ವಿದ್ಯುತ್ತಿರುವುದರಿಂದ ಈ ಕೆಲಸ ಬಲ್ಲವರಿಗೇ ಮೀಸಲು. ಎಂಜಿನ್ನನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ಓಡಿಸುವುದೂ ಸಲ್ಲದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡು ಪ್ರಾಣಾಪಾಯಕರ.

ಕ್ರ್ಯಾಂಕು ದಂಡವನ್ನೇ ಹೊರತೆಗೆಯಬೇಕಾದ ದುರಸ್ತಿ ಅದು. ಮುಂಗಡ ಹಣ ಜೇಬಿನಲ್ಲಿಯೇ ಉಳಿಯಿತು. ಎರಡು ತಿಂಗಳ ಅನಂತರ ಅವನು ಕೊಂಡ ಬೇರೊಂದು ಕಾರಿನಲ್ಲಿ ಕವಾಟಗಳ ‘ಟಿಕ್ ಟಿಕ್’ ಸದ್ದು ಧಾರಾಳವಾಗಿತ್ತು. ಅದು ಈಗ ಸಂತೆಗಳಿಗೆ ಓಡಾಡುತ್ತಿದೆ. ಸದ್ದು ಮಾಡುವುದೆಲ್ಲ ಕೆಟ್ಟುದಲ್ಲ, ಸುಮ್ಮನಿರುವುದೆಲ್ಲ ಒಳ್ಳೆಯದೂ ಅಲ್ಲ.

ವಿದ್ಯಾರ್ಥಿಗಳೇ, 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಹೃದಯದ ಬಡಿತವನ್ನು ಆಲಿಸಿದನು. ಸ್ಟೆಥಾಸ್ಕೋಪು ಹುಟ್ಟಿದುದು ಹೀಗೆ. ನೀವೂ ಮೇಜಿನ ಒಂದು ತುದಿಯಲ್ಲಿ ಗಡಿಯಾರವನ್ನಿಟ್ಟು, ಇನ್ನೊಂದು ತುದಿಗೆ ಕಿವಿಯನ್ನು ಒತ್ತಿ ಕೇಳಿರಿ. ಗಾಳಿಯಲ್ಲಿ ಕೇಳದ ಸದ್ದು ಮರದ ಮೂಲಕ ಕೇಳುತ್ತದೆ. ಘನವಸ್ತುವಿನಿಂದ ಗಾಳಿಗೆ ದಾಟುವಾಗ ಶಬ್ದದ ಬಹುಭಾಗ ಎಲ್ಲೆಯಲ್ಲಿಯೇ ಹಿಂದಿರುಗುವುದೇ ಇದಕ್ಕೆ ಕಾರಣ. ಅನುಭವಿಯಾದ ಮೆಕ್ಯಾನಿಕ್ಕು ಮರದ ಕೋಲನ್ನು ಎಂಜಿನ್ನಿಗೆ ಆನಿಸಿ ಆಲಿಸುವುದೂ ಇದೇ ತತ್ತ್ವದಿಂದ.