ಹೊಸ ಮೊಬೈಲ್ ಫೋನು: ಅನುಮಾನ ಬಂದಾಗ ಏನು ನೋಡಬೇಕು?



ಮೇವು, ಕರುಗಳ ಪಾಲನೆ, ಕೆಚ್ಚಲು ಬಾವುಗಳ ಬಗ್ಗೆ ಪಾಠ ಬರುವ ಈ ಪುಟದಲ್ಲಿ ಮೊಬೈಲ್ ಫೋನಿನ ಮಾತೇಕೆ ಎಂದು ನೀವು ಕೇಳಬಹುದು. ಹಾಲಿನ ಬಟವಾಡೆ ಈಗ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಪ್ರಾರಂಭವಾದ ರಾಜ್ಯ ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ. ಆ ಖಾತೆಯ ಬೀಗದ ಕೈ ನಿಮ್ಮ ಕಿಸೆಯಲ್ಲಿರುವ ಫೋನು. ಆದ್ದರಿಂದ ಇದೂ ಹೈನುಗಾರಿಕೆಯ ಪಾಠವೇ ಎಂದು ತಿಳಿಯಿರಿ.

ಮುದ್ದೇಬಿಹಾಳ ಅಥವಾ ತಾಳಿಕೋಟೆ ಪೇಟೆಯಲ್ಲಿ ಹೊಸ ಫೋನು ಕೊಳ್ಳುತ್ತೀರಿ. ಅಂಗಡಿಯ ಹುಡುಗನೇ ಸಿಮ್ ಹಾಕಿ, ಅದೇನೇನೋ ಒತ್ತಿ, ಸಿದ್ಧಮಾಡಿ ಕೊಡುತ್ತಾನೆ. ಊರಿಗೆ ಬಂದು ಎರಡು ದಿನವಾಗುವುದರೊಳಗೆ ಫೋನು ಬಿಸಿಯಾಗುತ್ತದೆ, ಚಾರ್ಜು ನಿಲ್ಲುವುದಿಲ್ಲ, ಕೇಳದ ಜಾಹೀರಾತು ಬರುತ್ತವೆ. "ಫೋನ್ ಹ್ಯಾಕ್ ಆಗೇದ್ರಿ" ಎಂಬ ಮಾತು ಡೇರಿಯ ಕಟ್ಟೆಯ ಮೇಲೆ ಹುಟ್ಟುವುದು ಆಗಲೇ. ಹ್ಯಾಕ್ ಎಂದರೆ ನಮಗೆ ಗೊತ್ತಾಗದಂತೆ ಬೇರೊಬ್ಬರು ನಮ್ಮ ಫೋನಿನೊಳಗೆ ಕೈಯಾಡಿಸುವುದು. ಅನುಮಾನ ಪಡುವುದು ತಪ್ಪಲ್ಲ. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಎಂಬುದು ಗೊತ್ತಿರಬೇಕು.

ಮೊದಲು ಹೆದರಬೇಕಾಗಿಲ್ಲದ ಸಂಗತಿಗಳು. ಹೊಸ ಫೋನು ಮೊದಲ ಒಂದೆರಡು ದಿನ ತನ್ನ ಎಲ್ಲ ಆ್ಯಪ್‌ಗಳನ್ನು ಹೊಸದು ಮಾಡಿಕೊಳ್ಳುತ್ತದೆ, ಹಳೆಯ ಫೋಟೋಗಳನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಬಿಸಿಯಾಗುವುದು, ಡೇಟಾ ಬೇಗ ಮುಗಿಯುವುದು ಸಹಜ. ಕಡಿಮೆ ಬೆಲೆಯ ಫೋನುಗಳಲ್ಲಿ ಜಾಹೀರಾತು ತೋರಿಸುವ ಆ್ಯಪ್‌ಗಳನ್ನು ಕಂಪನಿಯವರೇ ಹಾಕಿರುತ್ತಾರೆ. ಅದು ಕಿರಿಕಿರಿ, ಕಳ್ಳತನವಲ್ಲ. "ನಿಮ್ಮ ಖಾತೆಗೆ ಹೊಸ ಸಾಧನದಿಂದ ಪ್ರವೇಶವಾಗಿದೆ" ಎಂದು ಗೂಗಲ್‌ನಿಂದ ಸಂದೇಶ ಬಂದರೆ ಅದರಲ್ಲಿರುವ ಫೋನಿನ ಹೆಸರು, ದಿನ, ವೇಳೆ ನೋಡಿರಿ. ಬಹಳ ಸಲ ಅದು ನೀವು ಕೊಂಡ ಫೋನಿನದೇ ಆಗಿರುತ್ತದೆ. ಹಳೆಯ ಫೋನಿನಲ್ಲಿ ವಾಟ್ಸಾಪ್ ನಿಂತುಹೋಗುವುದೂ ಹಾಗೆಯೇ. ಅದೇ ನಂಬರನ್ನು ಹೊಸದರಲ್ಲಿ ನೋಂದಾಯಿಸಿದೊಡನೆ ಹಳೆಯದು ಬಂದ್ ಆಗುತ್ತದೆ.

ಬಹಳ ಜನ ಗಾಬರಿಯಾಗುವ ಇನ್ನೊಂದು ಸಂಗತಿಯುಂಟು. ಫೋನ್‌ಪೇ, ಗೂಗಲ್ ಪೇ ಅಥವಾ ಬ್ಯಾಂಕಿನ ಆ್ಯಪ್ ಹಾಕಿದಾಗ ಅರ್ಥವಿಲ್ಲದ ಅಕ್ಷರಗಳ ಒಂದು ಎಸ್.ಎಂ.ಎಸ್. ನಿಮ್ಮ ಫೋನಿನಿಂದಲೇ ಹೋಗಿರುತ್ತದೆ. ಈ ಸಿಮ್ ಈ ಫೋನಿನಲ್ಲೇ ಇದೆ ಎಂದು ಖಚಿತಪಡಿಸಿಕೊಳ್ಳಲು ಯು.ಪಿ.ಐ. ವ್ಯವಸ್ಥೆ ಮಾಡುವ ಕೆಲಸ ಅದು. ಆ್ಯಪ್ ನೀವೇ ಹಾಕಿದ್ದರೆ ಚಿಂತೆಯಿಲ್ಲ. ನೀವು ಯಾವ ಆ್ಯಪನ್ನೂ ಹಾಕದೆ ಅಂಥ ಸಂದೇಶ ಹೋಗಿದ್ದರೆ ಮಾತ್ರ ಆ ದಿನವೇ ಬ್ಯಾಂಕಿಗೆ ತಿಳಿಸತಕ್ಕದ್ದು.

ಇನ್ನು ನಿಜವಾಗಿ ನೋಡಬೇಕಾದದ್ದು. ಜಾತ್ರೆಯಲ್ಲಿ ದನ ಕೊಂಡಾಗ ಮಾರಿದವನ ಹಗ್ಗ ಅವನಿಗೇ ಬಿಟ್ಟು, ನಮ್ಮ ಹಗ್ಗ ಕಟ್ಟಿ ಹೊಡೆದುಕೊಂಡು ಬರುತ್ತೇವೆ. ಫೋನಿಗೂ ಒಂದು ಹಗ್ಗವುಂಟು, ಅದೇ ಗೂಗಲ್ ಖಾತೆ. ಫೋನು ಸಿದ್ಧಮಾಡುವಾಗ ಅದು ಒಂದು ಜಿಮೇಲ್ ವಿಳಾಸ ಕೇಳುತ್ತದೆ. ನಿಮ್ಮಲ್ಲಿ ಇಲ್ಲವೆಂದಾಗ ಅಂಗಡಿಯ ಹುಡುಗ ತನ್ನದನ್ನೇ ಹಾಕುತ್ತಾನೆ, ಅಥವಾ ಹೊಸದೊಂದನ್ನು ಮಾಡಿ ಪಾಸ್‌ವರ್ಡ್ ತಾನೇ ಇಡುತ್ತಾನೆ. ಹುಡುಗ ಕೆಟ್ಟವನೆಂದಲ್ಲ, ಹಿಂದೆ ನಾಲ್ಕು ಗಿರಾಕಿಗಳು ನಿಂತಿರುತ್ತಾರೆ, ಅವಸರ. ಆದರೆ ಖಾತೆ ಯಾರದೋ ಹಗ್ಗ ಅವರ ಕೈಯಲ್ಲಿ. ನಿಮ್ಮ ಫೋನ್ ನಂಬರುಗಳ ಪಟ್ಟಿ, ಫೋಟೋಗಳು ಆ ಖಾತೆಗೆ ಸೇರಬಹುದು. ಫೋನು ಎಲ್ಲಿದೆಯೆಂದು ಅವರು ನೋಡಬಹುದು, ದೂರದಿಂದಲೇ ಬೀಗ ಹಾಕಲೂಬಹುದು. ಫೋಟೋಗಳಲ್ಲಿ ಗುರುತಿಲ್ಲದ ಮುಖಗಳು, ನಂಬರುಗಳಲ್ಲಿ ಗೊತ್ತಿಲ್ಲದ ಹೆಸರುಗಳು ಕಂಡರೆ ಇದೇ ಕಾರಣವೆಂದು ಮೊದಲು ಶಂಕಿಸಿರಿ.

ಸೆಟ್ಟಿಂಗ್ಸ್‌ನಲ್ಲಿ 'ಖಾತೆಗಳು' ಎಂಬಲ್ಲಿ ಯಾವ ಜಿಮೇಲ್ ಇದೆ ನೋಡಿರಿ. ಅಂಗಡಿಯವರದಿದ್ದರೆ ಅಂಗಡಿಗೇ ಹೋಗಿ, ಅವರ ಎದುರಿನಲ್ಲೇ ತೆಗೆಸಿರಿ. ನಿಮ್ಮ ಹೆಸರಿನಲ್ಲಿ ಅವರು ಮಾಡಿಕೊಟ್ಟದ್ದಿದ್ದರೆ ಪಾಸ್‌ವರ್ಡ್ ಬದಲಿಸಿ, ಮರೆತಾಗ ಕೇಳುವ ಫೋನ್ ನಂಬರ್ ನಿಮ್ಮದೇ ಇದೆಯೇ ಎಂದು ಪರೀಕ್ಷಿಸಿರಿ. ಪಾಸ್‌ವರ್ಡನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ದೋಷವಿಲ್ಲ. ಫೋನಿನ ಕವರಿನ ಒಳಗೆ ಚೀಟಿ ಮಾಡಿ ಇಡಬಾರದು. ಬೆರಳಚ್ಚಿನ ಪಟ್ಟಿಯನ್ನೂ ತೆರೆದು ನೋಡಿರಿ. ಪರೀಕ್ಷೆಗೆಂದು ಅಂಗಡಿಯವರು ಒತ್ತಿದ ಬೆರಳು ಅಲ್ಲೇ ಉಳಿದಿರಬಹುದು. ತೆರೆಯುವ ಪಿನ್ ಮತ್ತು ಯು.ಪಿ.ಐ. ಪಿನ್ ಎರಡನ್ನೂ ಮನೆಗೆ ಬಂದು ನೀವೇ ಇಟ್ಟುಕೊಳ್ಳಿರಿ.

ಕಂತಿನ ಮೇಲೆ ಕೊಂಡ ಫೋನುಗಳ ಮಾತು ಬೇರೆ. ಕಂತು ತಪ್ಪಿದರೆ ಫೋನಿಗೆ ಬೀಗ ಹಾಕುವ ಆ್ಯಪನ್ನು ಸಾಲ ಕೊಟ್ಟವರು ಹಾಕಿರಬಹುದು. "ಈ ಸಾಧನವನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದೆ" ಎಂಬ ಬರಹ ಕಂಡರೆ ಸಾಲದ ಕಾಗದ ನೋಡಿರಿ, ಕಂತು ತೀರಿದ ಮೇಲೆ ಅದನ್ನು ತೆಗೆಸಿರಿ. ರೊಕ್ಕ ಕೊಟ್ಟು ಕೊಂಡ ಫೋನಿನಲ್ಲಿ ಆ ಬರಹವಿದ್ದರೆ ಕೊಂಡ ಅಂಗಡಿಯಲ್ಲಿ ಕೇಳಲೇಬೇಕು.

ಕಾರ್ಖಾನೆಯಿಂದಲೇ ಕೆಟ್ಟು ಬರುವುದು ಇಲ್ಲವೆಂದಲ್ಲ. ಟ್ರಯಾಡಾ ಎಂಬ ಕಳ್ಳ ತಂತ್ರಾಂಶ ಕೆಲವು ಅಗ್ಗದ ಫೋನುಗಳಲ್ಲಿ ಮಾರಾಟಕ್ಕೆ ಮೊದಲೇ ಸೇರಿತ್ತೆಂದು 2019ರಲ್ಲಿ ಗೂಗಲ್ ಸಂಸ್ಥೆಯೇ ಒಪ್ಪಿಕೊಂಡಿತು. ಆದ್ದರಿಂದ ಹೆಸರಿಲ್ಲದ ಫೋನು ಬೇಡ. ಫೋನಿನಲ್ಲಿ *#06# ಒತ್ತಿದರೆ 15 ಅಂಕೆಗಳ ಐ.ಎಂ.ಇ.ಐ. ಸಂಖ್ಯೆ ಬರುತ್ತದೆ. ಅದು ಡಬ್ಬಿಯ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು, ರಸೀದಿಯಲ್ಲಿಯೂ ಅದನ್ನೇ ಬರೆಸಿಕೊಳ್ಳಿರಿ. ಇಂಗ್ಲಿಷಿನಲ್ಲಿ ಕೆ.ವೈ.ಎಂ. ಎಂಬ ಮೂರು ಅಕ್ಷರ, ಒಂದು ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಎಸ್.ಎಂ.ಎಸ್. ಮಾಡಿದರೆ ಫೋನಿನ ವಿವರ ತಿಳಿಯುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ಕಳ್ಳ ಕಾರ್ಖಾನೆಯಿಂದ ಬರುವುದಕ್ಕಿಂತ ವಾಟ್ಸಾಪಿನಿಂದ ಬರುವುದೇ ಹೆಚ್ಚು. ಪಿ.ಎಂ. ಕಿಸಾನ್ ಕಂತು, ಬ್ಯಾಂಕಿನ ಕೆ.ವೈ.ಸಿ., ಮದುವೆಯ ಆಮಂತ್ರಣ ಎಂಬ ಹೆಸರಿನಲ್ಲಿ ಎ.ಪಿ.ಕೆ. ಎಂದು ಕೊನೆಯಾಗುವ ಕಡತ ಬರುತ್ತದೆ. ಒತ್ತಿದರೆ ಅದು ಆ್ಯಪ್ ಆಗಿ ಒಳಗೆ ಕೂತು, ಎಸ್.ಎಂ.ಎಸ್. ಓದಲು ಅನುಮತಿ ಕೇಳುತ್ತದೆ. ಅನುಮತಿ ಕೊಟ್ಟಿರೋ, ಬ್ಯಾಂಕಿನ ಓ.ಟಿ.ಪಿ. ನಿಮಗಿಂತ ಮೊದಲು ಅವನಿಗೆ ಮುಟ್ಟುತ್ತದೆ. "ಫೋನು ಸರಿಮಾಡಿಕೊಡುತ್ತೇವೆ" ಎಂದು ಕರೆಮಾಡಿ, ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸುವವರೂ ಇದ್ದಾರೆ. ಅಂಥ ಎನಿಡೆಸ್ಕ್ ಎಂಬ ಆ್ಯಪಿನ ದುರ್ಬಳಕೆ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಹೊಸ ಫೋನು ತಂದವರಿಗೆ ಸಹಾಯ ಮಾಡುವ ನೆಪದ ಕರೆ ಸಿಹಿಯಾಗಿಯೇ ಕೇಳುತ್ತದೆ, ಇಟ್ಟುಬಿಡಿರಿ.

ಇಂಥ ಆ್ಯಪ್ ಸೇರಿದೆಯೇ ಎಂದು ನೋಡಲು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ, 'ಅಕ್ಸೆಸಿಬಿಲಿಟಿ' ಮತ್ತು 'ಡಿವೈಸ್ ಅಡ್ಮಿನ್' ಎಂಬ ಮೂರು ಕಡೆ ಹುಡುಕಿರಿ. ಜಾಗ ಫೋನಿನಿಂದ ಫೋನಿಗೆ ಬೇರೆ. ಓದಿದ ಮಗನನ್ನೋ ಮಗಳನ್ನೋ ಹತ್ತಿರ ಕೂಡಿಸಿಕೊಳ್ಳಿರಿ. ಪ್ಲೇ ಸ್ಟೋರಿನಲ್ಲಿ 'ಪ್ಲೇ ಪ್ರೊಟೆಕ್ಟ್' ಪರೀಕ್ಷೆಯನ್ನೂ ಮಾಡಿಸಿರಿ. ಆಂಡ್ರಾಯ್ಡ್ 12 ಮತ್ತು ನಂತರದ ಫೋನುಗಳಲ್ಲಿ ಕ್ಯಾಮೆರಾ ಅಥವಾ ಮೈಕ್ ನಡೆಯುತ್ತಿದ್ದರೆ ಮೇಲ್ತುದಿಯಲ್ಲಿ ಹಸಿರು ಚುಕ್ಕೆ ಕಾಣುತ್ತದೆ. ನೀವು ಏನೂ ಮಾಡದಿರುವಾಗ ಅದು ಉರಿದರೆ ಯಾವ ಆ್ಯಪಿನದೆಂದು ವಿಚಾರಿಸಿರಿ.

ಇಷ್ಟಾದರೂ ಸಂಶಯ ಹೋಗದಿದ್ದರೆ ಫೋನನ್ನು 'ಫ್ಯಾಕ್ಟರಿ ರೀಸೆಟ್' ಮಾಡಿ, ಮೊದಲಿನಿಂದ ನಿಮ್ಮದೇ ಖಾತೆಯಿಂದ ಸಿದ್ಧಮಾಡುವುದು ಉತ್ತಮ. ರೀಸೆಟ್ ಮಾಡುವ ಮೊದಲು ಜಿಮೇಲ್ ಪಾಸ್‌ವರ್ಡ್ ನಿಮಗೆ ಗೊತ್ತಿರಬೇಕು. ಇಲ್ಲವಾದರೆ ಫೋನು ಒಳಗೆ ಬಿಡದೇ ಹೋಗಬಹುದು.

ಆದರೆ ಖಾತೆಯಿಂದ ಹಣ ಈಗಾಗಲೇ ಹೋಗಿದ್ದರೆ ರೀಸೆಟ್ ಮಾಡಲೇಬೇಡಿರಿ, ಸಾಕ್ಷ್ಯ ಅಳಿಸಿಹೋಗುತ್ತದೆ. ಫೋನಿನ ಇಂಟರ್‌ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ 1930ಕ್ಕೆ ಕರೆಮಾಡಿರಿ, ನಂತರ ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಿರಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಎ.ಟಿ.ಎಂ.ನಿಂದ ಹೊರಬೀಳುವ ಮೊದಲು ತಡೆಯುವುದೇ 1930ರ ಕೆಲಸ. ಸಂಜೆಯ ಹಾಲು ಹಾಕಿ ಬಂದು ಮಾಡೋಣ ಎಂದರೆ ತಡವಾದೀತು. ದೂರನ್ನು ವಿಜಯಪುರದ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿಯೂ ಕೊಡಬಹುದು.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ಹೀಗೆ: ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಪಿನ್ ಅಥವಾ ಓ.ಟಿ.ಪಿ.ಯನ್ನು ತಾನೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ಗ್ರಾಹಕನದು. ತಿಳಿಸಿದ ನಂತರದ್ದು ಬ್ಯಾಂಕಿನದು. ಈಗಿನ ನಿಯಮವನ್ನು ನಿಮ್ಮ ಶಾಖೆಯಲ್ಲಿ ಕೇಳಿಕೊಳ್ಳಿರಿ, ದೂರು ಕೊಟ್ಟ ದಿನ ಮತ್ತು ವೇಳೆಯ ಸ್ವೀಕೃತಿ ತಪ್ಪದೇ ಪಡೆಯಿರಿ.

ಸಂಘದ ಕಾರ್ಯದರ್ಶಿಗೆ ಬಟವಾಡೆಗಾಗಿ ಬೇಕಾದದ್ದು ನಿಮ್ಮ ಖಾತೆಯ ವಿವರ ಮಾತ್ರ. ಹಾಲಿನ ಹಣ ಜಮಾ ಮಾಡಲು ಓ.ಟಿ.ಪಿ. ಬೇಕೆಂದು ಸಂಘದ ಅಥವಾ ಒಕ್ಕೂಟದ ಹೆಸರಿನಲ್ಲಿ ಯಾರಾದರೂ ಕೇಳಿದರೆ ಕೊಡಬೇಡಿರಿ, ಅಂದೇ ಕಾರ್ಯದರ್ಶಿಗೆ ತಿಳಿಸಿರಿ. ಹಾಗೆಯೇ ಹಳೆಯ ಫೋನನ್ನು ಮೊಮ್ಮಗನಿಗೆ ಆಟಕ್ಕೆ ಕೊಡುವ ಮೊದಲು, ಅಥವಾ ಅಂಗಡಿಗೆ ಬದಲಿ ಕೊಡುವ ಮೊದಲು, ಅದರಲ್ಲಿರುವ ಬ್ಯಾಂಕಿನ ಆ್ಯಪ್ ಮತ್ತು ನಿಮ್ಮ ಜಿಮೇಲ್ ಖಾತೆ ಎರಡನ್ನೂ ತೆಗೆದುಹಾಕಿರಿ.