ವೃತ್ತ ಸಭೆಯಲ್ಲಿ ಮೊದಲು ಮಗುವಿನ ಮಾತು

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು: ಈ ಮೂರೂ ಕಡೆ ಅಂಗನವಾಡಿ ಮೇಲ್ವಿಚಾರಕಿಯಾಗಿ ದುಡಿದವಳು ನಾನು. 1975ರ ಅಕ್ಟೋಬರ್ 2ರಂದು ಶುರುವಾದ, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಐವತ್ತು ವರ್ಷ ದಾಟಿದೆ. ಟೀಚರ್‌ಗಳಿಗೆ ತರಬೇತಿಗೂ ಕೈಪಿಡಿಗೂ ಕೊರತೆಯಿಲ್ಲ. ಆದರೂ ಅವರು ಗಟ್ಟಿಯಾಗಿ ಕಲಿಯುವುದು ಒಂದು ವೃತ್ತದ ಕೇಂದ್ರಗಳ ಟೀಚರ್‌ಗಳು ಸೇರುವ ತಿಂಗಳ ವೃತ್ತ ಸಭೆಯಲ್ಲಿ, ತಮ್ಮದೇ ಕೇಂದ್ರದ ಮಗುವಿನ ಬಗ್ಗೆ ಒಟ್ಟಿಗೆ ಕೂತು ಯೋಚಿಸುವಾಗ.

1. ಸಭೆಯ ಮೊದಲ ಅರ್ಧ ಗಂಟೆ ಮಗುವಿಗೆ ಮೀಸಲಿರಲಿ. ಹಾಜರಿ, ದಾಸ್ತಾನು, ಪೋಷಣ್ ಟ್ರ್ಯಾಕರ್ ಆ್ಯಪ್‌ನ ಬಾಕಿ ಎಲ್ಲ ಆಮೇಲೆ. ಒಬ್ಬ ಟೀಚರ್ ತನಗೆ ಚಿಂತೆ ಹಚ್ಚಿದ ಮಗುವಿನ ಬಗ್ಗೆ, ಹೆಸರು ಹೇಳದೆ, ಕಂಡದ್ದನ್ನಷ್ಟೇ ಹೇಳಬೇಕು. ಉಳಿದವರು ಮೊದಲು ಪ್ರಶ್ನೆ ಕೇಳಲಿ. ಸಲಹೆಗೆ ಅವಸರ ಬೇಡ.

2. ಟೇಪು ಹೇಳುವುದು ಅರ್ಧ ಸಂಗತಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಇದು ಪ್ರತಿ ಟೀಚರ್‌ಗೂ ಗೊತ್ತು. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸಿ ಎಂದರೆ ತಾಯಿ ಯಾಕೆ ಒಲ್ಲೆ ಅನ್ನುತ್ತಾಳೆ ಎಂಬುದು ಯಾವ ಕೈಪಿಡಿಯಲ್ಲೂ ಇಲ್ಲ. ಅಲ್ಲಿ ಸುಮಾರು ಎರಡು ವಾರ ಮಗುವಿನ ಜೊತೆ ಇರಬೇಕು. ಕೂಲಿ ಹೋದದ್ದಕ್ಕೆ ಭತ್ಯೆ ಉಂಟು, ಸರಿ. "ಮನ್ಯಾಗಿನ ಇನ್ನೆರಡು ಮಕ್ಕಳನ್ನ ಯಾರು ನೋಡ್ತಾರ ಮೇಡಂ?" ಎಂಬ ಪ್ರಶ್ನೆಗೆ ಭತ್ಯೆ ಉತ್ತರವಲ್ಲ. ಅತ್ತೆಯ ಜೊತೆ, ಪಕ್ಕದ ಮನೆಯವರ ಜೊತೆ ಮಾತಾಡಿ ಆ ಏರ್ಪಾಡು ಮಾಡಿಸುವುದೂ ಚಿಕಿತ್ಸೆಯ ಭಾಗವೇ.

3. ಊರಿನ ಸುಗ್ಗಿ ಗೊತ್ತಿರಲಿ. ಸಿರುಗುಪ್ಪದ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿ ಬಂತೆಂದರೆ, ಕುರುಗೋಡು ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲ ಬಂತೆಂದರೆ, ತಾಯಂದಿರು ನಸುಕಿಗೇ ಹೊರಡುತ್ತಾರೆ. ಕೂಸನ್ನು ಎತ್ತಿಕೊಂಡು ಕೇಂದ್ರಕ್ಕೆ ಬರುವವಳು ಎಂಟೊಂಬತ್ತು ವರ್ಷದ ಅಕ್ಕ. ಹಾಜರಿ ಪುಸ್ತಕದಲ್ಲಿ ಕೂಸು ಮಾತ್ರ ಕಾಣುತ್ತದೆ, ಶಾಲೆ ತಪ್ಪಿಸಿಕೊಂಡ ಅಕ್ಕ ಕಾಣುವುದಿಲ್ಲ. ಅವಳನ್ನು ಗುರುತಿಸಿದ ದಿನವೇ ಶಾಲೆಯ ಮೇಷ್ಟ್ರಿಗೆ ತಿಳಿಸಬೇಕು. ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ 'ಕೂಸಿನ ಮನೆ' ಹತ್ತಿರದಲ್ಲಿದ್ದರೆ ಮೂರು ವರ್ಷದೊಳಗಿನ ಕೂಸಿಗೆ ಅಲ್ಲಿ ಜಾಗ ಕೇಳಬೇಕು. ನಗರದ ಲೆಕ್ಕ ಬೇರೆ. ಜೀನ್ಸ್ ಹೊಲಿಯುವ ಓಣಿಗಳಲ್ಲಿ ಕೆಲಸ ಮನೆಯೊಳಗೇ ನಡೆಯುತ್ತದೆ. ತಾಯಿ ಮನೆಯಲ್ಲಿದ್ದರೂ ಅವಳ ಕೈಗೆ ಬಿಡುವಿರುವುದಿಲ್ಲ.

4. ಮನೆಮಾತಿಗೆ ಮರ್ಯಾದೆ. ತೆಲುಗು, ಉರ್ದು, ಲಂಬಾಣಿ ಆಡುವ ಮಗು ಸುಮ್ಮನಿದ್ದರೆ "ಮಂದ" ಎಂದು ಬರೆಯಬೇಡಿ.

5. ಎಲ್ಲರೆದುರು "ಅಪ್ಪನ ಹೆಸರೇನು?" ಎಂದು ಕೇಳಬಾರದು. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ್ದು 1982ರ ಕಾಯ್ದೆ. ಆ ಪದ್ಧತಿಗೆ ಸಿಕ್ಕ ತಾಯಂದಿರೂ ಅವರ ಮೊಮ್ಮಕ್ಕಳೂ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. ಆ ಒಂದು ಪ್ರಶ್ನೆಗೆ ಹೆದರಿ ಮಗು ಮರುದಿನ ಬರದೇ ಇರಬಹುದು. ತಾಯಿಯೊಬ್ಬಳನ್ನೇ ಕೂರಿಸಿಕೊಂಡು ಕೇಳಿದರೆ ಸಾಕು.

6. ದೌರ್ಜನ್ಯದ ಅನುಮಾನ ಬಂದರೆ ಊರ ಪಂಚಾಯ್ತಿಗೆ ಒಪ್ಪಿಸಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟರೆ ಶಿಕ್ಷೆಯಿದೆ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ. ಕೆದಕಿ ಕೆದಕಿ ಕೇಳಬೇಡಿ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. "ಊರಾಗ ಇರಬೇಕಲ್ರಿ" ಎಂಬ ಟೀಚರಮ್ಮನ ಭಯ ಸುಳ್ಳಲ್ಲ. ಅವಳೊಬ್ಬಳೇ ಠಾಣೆಗೆ ಹೋಗುವಂತಾಗಬಾರದು. ಮೇಲ್ವಿಚಾರಕಿ ಜೊತೆಗಿರಬೇಕು.

7. ಸಭೆಯಲ್ಲಿ ಸಹಾಯಕಿಯನ್ನೂ ಕೂರಿಸಿಕೊಳ್ಳಿ. 2023ರಲ್ಲಿ ಶುರುವಾದ 'ಪೋಷಣ್ ಭೀ ಪಢಾಯೀ ಭೀ' ಕಾರ್ಯಕ್ರಮ ಆಟದ ಮೂಲಕ ಕಲಿಕೆಗೆ ಒತ್ತು ಕೊಟ್ಟಿದೆ, ಒಳ್ಳೆಯದು. ಆದರೆ ಮಗುವಿನ ಕೈ ತೊಳೆದು, ಉಣಿಸಿ, ಅತ್ತರೆ ಎತ್ತಿಕೊಳ್ಳುವವಳು ಸಹಾಯಕಿ. ಯಾವ ಮನೆಯಲ್ಲಿ ನಿನ್ನೆ ಒಲೆ ಹೊತ್ತಲಿಲ್ಲ ಎಂಬುದೂ ಮೊದಲು ಅವಳಿಗೇ ತಿಳಿಯುತ್ತದೆ. ಇಲಾಖೆಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ತಿಂಗಳ ವೃತ್ತ ಸಭೆಗೆ ಸಹಾಯಕಿಯರನ್ನೂ ಕರೆಯಿರಿ, ಅವರ ಬಸ್ ಚಾರ್ಜೂ ಕೊಡಿ.